ಹೊತ್ತಿಗೆ ಆಗುವವರು

ವಯೋಮಿಂಗ್‌ಗೆ ಹೋಗಿ ನೆಲೆಸುವ ಯೋಚನೆ ಇದೆ ಎಂದರೆ ಇಲ್ಲಿನ ಗೆಳೆಯರ ಬಾಯಲ್ಲಿ ಮೊದಲು ಬರುವುದು ತೆರಿಗೆಯ ಮಾತು. ಆ ರಾಜ್ಯದಲ್ಲಿ ಆದಾಯ ತೆರಿಗೆ ಇಲ್ಲ, ಕೇಂದ್ರಕ್ಕೆ ಕಟ್ಟಿದರೆ ಮುಗಿಯಿತು. ನ್ಯೂಜೆರ್ಸಿಯಲ್ಲಿ ವರ್ಷವರ್ಷವೂ ಮನೆ ಕಂದಾಯ ಕಟ್ಟಿ ದಣಿದವರಿಗೆ ಇದು ಸಣ್ಣ ಸಂಗತಿಯಲ್ಲ. ಆದರೂ ನನ್ನನ್ನು ಅತ್ತ ಎಳೆಯುತ್ತಿರುವುದು ತೆರಿಗೆಯಲ್ಲ, ಬಯಲು.

ನಾನು ಚಳ್ಳಕೆರೆ ಸೀಮೆಯವನು. ಅಮೃತಮಹಲ್ ಕಾವಲುಗಳ ಅಂಚಿನಲ್ಲಿ ಬೆಳೆದವನು. ಹುಲ್ಲು, ಕಲ್ಲು, ಗಾಳಿ, ಕುರಿಮಂದೆ, ದೂರದಲ್ಲಿ ಚಿಮ್ಮಿ ಓಡುವ ಕೃಷ್ಣಮೃಗ: ಇವಿಷ್ಟಿದ್ದರೆ ಕಣ್ಣು ತುಂಬುತ್ತಿತ್ತು. 2009ರ ಆಸುಪಾಸಿನಲ್ಲಿ ಆ ಕಾವಲುಗಳ ಸುಮಾರು 10,000 ಎಕರೆ ರಕ್ಷಣೆ ಮತ್ತು ವಿಜ್ಞಾನದ ಸಂಸ್ಥೆಗಳ ಪಾಲಾಯಿತು. ಗೋಡೆ ಎದ್ದಿತು. ಕುರಿಯವರ ಹಾದಿ ಕಡಿಯಿತು. ಆ ನೆಲ ಖಾಲಿ ಬಿದ್ದಿದೆ ಎಂದು ತಿಳಿದವರು, ಅದನ್ನು ನಂಬಿ ಬದುಕುತ್ತಿದ್ದ ಮನೆಗಳನ್ನು ಎಣಿಸಲೇ ಇಲ್ಲ. ಈ ನೋವು ನನ್ನಲ್ಲಿ ಇಂದಿಗೂ ಆರಿಲ್ಲ.

ಹಾಗಿರುವಾಗ ಒಂದು ಬೇಸಿಗೆಯಲ್ಲಿ ವಯೋಮಿಂಗ್‌ನ ಲಾರಮಿಯಿಂದ ಪಶ್ಚಿಮಕ್ಕೆ ಕಾರಿನಲ್ಲಿ ಹೋಗುತ್ತಿದ್ದೆ. ಬೂದು ಹಸಿರಿನ ಸೇಜ್‌ಬ್ರಷ್ ಕುರುಚಲು ದಿಗಂತದವರೆಗೆ ಹಬ್ಬಿತ್ತು. ಆಗಷ್ಟೇ ಮಳೆ ನಿಂತಿತ್ತು, ಗಿಡದಿಂದ ಘಾಟಾದ ಔಷಧಿಯ ವಾಸನೆ ಏಳುತ್ತಿತ್ತು. ತಂತಿಬೇಲಿಯ ಆಚೆ ಪ್ರಾಂಗ್‌ಹಾರ್ನ್ ಹಿಂಡು ನಿಂತಿತ್ತು. ಅಮೆರಿಕ ಖಂಡಗಳಲ್ಲೇ ಅದರಷ್ಟು ವೇಗದ ನೆಲಪ್ರಾಣಿ ಬೇರೆ ಇಲ್ಲ. ಅಷ್ಟು ಓಡಬಲ್ಲ ಪ್ರಾಣಿ ಬೇಲಿಯನ್ನು ಮಾತ್ರ ಹಾರುವುದು ಅಪರೂಪ, ಮಂಡಿಯೂರಿ ತಂತಿಯ ಕೆಳಗೆ ನುಸುಳುತ್ತದೆ. ಅದಕ್ಕಾಗಿ ಕೆಲವು ರೈತರು ಕೆಳಗಿನ ತಂತಿಯನ್ನು ಮೇಲಕ್ಕೆತ್ತಿ ಕಟ್ಟುತ್ತಾರೆ, ಅದೂ ಮುಳ್ಳಿಲ್ಲದ ತಂತಿ. ಪೈನ್‌ಡೇಲ್ ಬಳಿ 191ನೇ ಹೆದ್ದಾರಿಯ ಮೇಲೆ 2012ರಲ್ಲಿ ಮಣ್ಣು ಹಾಸಿದ ಸೇತುವೆಗಳನ್ನೇ ಕಟ್ಟಿದ್ದಾರೆ; ಹಿಂಡುಗಳು ತಮ್ಮ ಹಳೆಯ ವಲಸೆಯ ದಾರಿಯಲ್ಲಿ ಅವುಗಳ ಮೇಲೆ ದಾಟುತ್ತವೆ. ಅಡ್ಡಾಡುವ ಜೀವಕ್ಕೆ ಹಾದಿ ಬಿಡಬೇಕೆಂಬ ಬುದ್ಧಿ ಒಂದು ಸರ್ಕಾರಕ್ಕೆ ಬಂತಲ್ಲ ಎಂದು ನನಗೆ ಗಂಟಲು ಕಟ್ಟಿತು.

ವಯೋಮಿಂಗ್‌ನ ವಿಸ್ತೀರ್ಣ ಸುಮಾರು 2,53,000 ಚದರ ಕಿಲೋಮೀಟರ್. ಕರ್ನಾಟಕಕ್ಕಿಂತ ದೊಡ್ಡದು. 2020ರ ಗಣತಿಯಲ್ಲಿ ಅಲ್ಲಿದ್ದ ಜನ 5,76,851. ಐವತ್ತು ರಾಜ್ಯಗಳಲ್ಲಿ ಇದಕ್ಕಿಂತ ಕಡಿಮೆ ಜನ ಇರುವುದು ಬೇರೊಂದಿಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯೊಂದರಲ್ಲೇ 2011ರಲ್ಲಿ 16 ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು. ಇಡೀ ರಾಜ್ಯವೇ ಒಂದು ಸಣ್ಣ ಊರು, ಬೀದಿಗಳು ಮಾತ್ರ ಬಹಳ ಉದ್ದ ಎಂದು ಅಲ್ಲಿನವರೇ ಹೇಳಿಕೊಳ್ಳುತ್ತಾರೆ. ಅಪರಿಚಿತರಿಬ್ಬರು ಮಾತಿಗೆ ಕೂತರೆ ಸ್ವಲ್ಪ ಹೊತ್ತಿನಲ್ಲೇ ಇಬ್ಬರಿಗೂ ಗೊತ್ತಿರುವ ಒಬ್ಬರು ಸಿಗುತ್ತಾರಂತೆ.

ಎಚ್-1ಬಿ ವೀಸಾದಲ್ಲಿದ್ದಾಗ ಇಂಥ ಯೋಚನೆಗೆ ಜಾಗವೇ ಇರಲಿಲ್ಲ. ಕೆಲಸದ ಜಾಗ ಒಂದು ಊರಿನಿಂದ ದೂರದ ಇನ್ನೊಂದು ಊರಿಗೆ ಬದಲಾದರೂ ಕಂಪನಿ ಹೊಸದಾಗಿ ಅರ್ಜಿ ಹಾಕಬೇಕು. ಗ್ರೀನ್ ಕಾರ್ಡ್‌ಗೆ ಒಂದೊಂದು ದೇಶಕ್ಕೆ ಶೇಕಡ 7ರ ಮಿತಿ ಇರುವುದರಿಂದ ಭಾರತದಲ್ಲಿ ಹುಟ್ಟಿದವರ ಸಾಲು ಸಾಗುವುದೇ ಇಲ್ಲ. ಈಗ ನಮ್ಮ ಕಾರ್ಡ್ ಕೈಗೆ ಬಂದಿದೆ. ನನ್ನ ಕೆಲಸ ಮನೆಯಿಂದಲೇ ನಡೆಯುತ್ತದೆ. ಎಲ್ಲಿರಬೇಕು ಎಂದು ನಾವೇ ಯೋಚಿಸುವ ಸ್ವಾತಂತ್ರ್ಯ ಬಂದದ್ದು ಈಗ.

ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಜನ ಇಲ್ಲದ ಸೀಮೆಗೆ ಯಾಕಪ್ಪಾ ಹೋಗ್ತೀಯಾ? ಹೊತ್ತಿಗೆ ಆಗೋರು ಯಾರು?" ಎಂದಳು.

ಈ ಪ್ರಶ್ನೆಯನ್ನು ಹಗುರವಾಗಿ ಕಾಣಲು ನನ್ನಿಂದಾಗದು. ಇಲ್ಲಿ ನಮಗೆ ಕನ್ನಡ ಕೂಟವಿದೆ, ಗುಡಿಯಿದೆ, ಬಾಣಂತನಕ್ಕೆ ಸಾರು ಮಾಡಿ ತಂದುಕೊಟ್ಟ ಹೆಂಗಸರಿದ್ದಾರೆ. ಲಾರಮಿಯಿಂದ ಗುಡಿಗೋ ಉದ್ದಿನಬೇಳೆಗೋ ಕೊಲರಾಡೊದ ಡೆನ್ವರ್ ಕಡೆಗೆ ಎರಡು ತಾಸಿಗೂ ಹೆಚ್ಚು ಕಾರು ಓಡಿಸಬೇಕು. 7,200 ಅಡಿ ಎತ್ತರದ ಆ ಊರಿನಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಗ ಬೇಯದು. ಇವೆಲ್ಲ ಹೇಗೋ ನಡೆಯುತ್ತವೆ. ನಡೆಯದಿರುವುದು ರಸ್ತೆ. ಲಾರಮಿಯಿಂದ ರಾಲಿನ್ಸ್‌ವರೆಗಿನ 80ನೇ ಹೆದ್ದಾರಿ ಎಲ್ಕ್ ಮೌಂಟನ್ ಪಕ್ಕದಲ್ಲಿ ಹಾಯುತ್ತದೆ. ಅಲ್ಲಿ ಗಾಳಿ, ಹಿಮ ಎರಡೂ ವಿಪರೀತ, ಹೆದ್ದಾರಿ ಅಲ್ಲಿ ಹೋಗಬಾರದು ಎಂದು ಸುತ್ತಲಿನ ರೈತರು ಮೊದಲೇ ಎಚ್ಚರಿಸಿದ್ದರು. ದೂರ ಕಡಿಮೆಯಾಗುತ್ತದೆಂದು ಎಂಜಿನಿಯರುಗಳು ಆ ದಾರಿಯನ್ನೇ ಹಿಡಿದರು. 1970ರಲ್ಲಿ ರಸ್ತೆ ತೆರೆಯಿತು. ಅಂದಿನಿಂದ ಚಳಿಗಾಲ ಬಂತೆಂದರೆ ಮತ್ತೆ ಮತ್ತೆ ಮುಚ್ಚುತ್ತದೆ. ರಸ್ತೆಗೆ ಅಡ್ಡಲಾಗಿ ಗೇಟು ಬೀಳುತ್ತದೆ, ಖಾಲಿ ಟ್ರಕ್ಕುಗಳು ಗಾಳಿಗೆ ಮಗುಚುತ್ತವೆ. ಗೇಟು ಬಿದ್ದ ಮೇಲೆ ಯಾರಿದ್ದರೂ ಇದ್ದಲ್ಲೇ.

ರಾಲಿನ್ಸ್‌ನ ಆಸ್ಪತ್ರೆ 2022ರಲ್ಲಿ ಹೆರಿಗೆ ವಿಭಾಗವನ್ನು ಮುಚ್ಚಿತು. ಆ ಊರಿನ ಬಸುರಿಯರು ಹೆರಿಗೆಗೆ ಇದೇ ರಸ್ತೆಯಲ್ಲಿ ಸುಮಾರು 160 ಕಿಲೋಮೀಟರ್ ದಾಟಿ ಲಾರಮಿಗೆ ಬರಬೇಕು. ನನ್ನ ಹೆಂಡತಿ ಹೆರಿಗೆ ವಾರ್ಡಿನ ನರ್ಸ್. ಇದನ್ನು ಕೇಳಿದರೆ ಅವಳು ಹಿಂದೆ ಸರಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ರೀ, ಇಲ್ಲಿ ನಾನು ರಜೆ ಹಾಕಿದರೆ ಇನ್ನೊಬ್ಬಳು ಬರ್ತಾಳೆ. ಅಲ್ಲಿ ಬರೋರಿಲ್ಲ. ಅತ್ತೆ ಕೇಳಿದ್ದಕ್ಕೆ ಹೇಳಿ, ಹೊತ್ತಿಗೆ ಆಗೋರು ನಾವೇ ಆಗಬಹುದು ಅಂತ" ಎಂದಳು. ಬಯಲಿನ ಆಸೆಯೊಂದನ್ನೇ ಹಿಡಿದುಕೊಂಡಿದ್ದ ನನಗೆ ಅಲ್ಲಿಗೆ ಹೋಗಲು ಅದಕ್ಕಿಂತ ಗಟ್ಟಿಯಾದ ಕಾರಣ ಸಿಕ್ಕಿದ್ದು ಆಗ. ಜನ ವಿರಳವಾದ ಕಡೆ ಒಬ್ಬೊಬ್ಬರೂ ನೊಗಕ್ಕೆ ಕಟ್ಟಿದ ಎತ್ತಿನಂತೆ, ಒಬ್ಬರು ಕೂತರೆ ಗಾಡಿಯೇ ನಿಲ್ಲುತ್ತದೆ. ಅನೇಕ ಸಣ್ಣ ಊರುಗಳಲ್ಲಿ ಬೆಂಕಿ ಆರಿಸುವವರು, ಆಂಬುಲೆನ್ಸ್ ಓಡಿಸುವವರು ಸಂಬಳವಿಲ್ಲದ ಸ್ವಯಂಸೇವಕರು. ಅಂಗಡಿಯವನೋ ಶಾಲೆಯ ಮೇಷ್ಟ್ರೋ ಕೈಯ ಕೆಲಸ ಬಿಟ್ಟು ಓಡುತ್ತಾರೆ.

ಆದರೆ ಆ ಲೆಕ್ಕಕ್ಕೆ ನಮ್ಮನ್ನು ಸೇರಿಸಿಕೊಳ್ಳುತ್ತಾರೆಯೇ? ಈ ಪ್ರಶ್ನೆಗೆ ಅಲ್ಲಿನ ಚರಿತ್ರೆ ಎರಡು ಬಗೆಯ ಉತ್ತರ ಕೊಡುತ್ತದೆ. ಇನ್ನೂ ರಾಜ್ಯವೂ ಆಗದ ವಯೋಮಿಂಗ್ 1869ರ ಡಿಸೆಂಬರ್‌ನಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಟ್ಟಿತು. ಮರುವರ್ಷ ಲಾರಮಿಯಲ್ಲಿ ಲೂಯಿಸಾ ಸ್ವೇನ್ ಎಂಬ ವೃದ್ಧೆ ಮತ ಹಾಕಿದಳು. ಹೆಂಗಸರು ತೀರ ಕಡಿಮೆ ಇದ್ದ ಆ ನಾಡಿಗೆ ಅವರು ಬಂದು ನೆಲೆಸಲಿ ಎಂಬ ಆಸೆಯೂ ಆ ಕಾನೂನಿನ ಹಿಂದಿತ್ತು. ಅದೇ ನಾಡಿನ ರಾಕ್ ಸ್ಪ್ರಿಂಗ್ಸ್‌ನಲ್ಲಿ 1885ರ ಸೆಪ್ಟೆಂಬರ್ 2ರಂದು ಬಿಳಿಯ ಗಣಿಕಾರ್ಮಿಕರು ಚೀನೀ ಕಾರ್ಮಿಕರ ಮೇಲೆ ಬಿದ್ದು ಕನಿಷ್ಠ 28 ಜನರನ್ನು ಕೊಂದು ಮನೆಗಳಿಗೆ ಬೆಂಕಿ ಹಚ್ಚಿದರು. 1942ರಲ್ಲಿ ಜಪಾನೀ ಮೂಲದ ಕುಟುಂಬಗಳನ್ನು ತಂದು ಕೂಡಿಹಾಕಿದ ಹಾರ್ಟ್ ಮೌಂಟನ್ ಶಿಬಿರದಲ್ಲಿ 10,000ಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಬಹುಪಾಲು ಜನ ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಇನ್ನು ಆ ಬಯಲು ಎಂದೂ ಖಾಲಿ ಇರಲಿಲ್ಲ. ಶೋಶೋನಿ ಮತ್ತು ಅರಾಪಹೊ ಜನರನ್ನು ವಿಂಡ್ ರಿವರ್ ಮೀಸಲು ನೆಲಕ್ಕೆ ಸರಿಸಿದ ಮೇಲೆ ಅದು ಖಾಲಿ ಕಂಡಿತು. ಕಾವಲಿನಿಂದ ಬಂದ ನಾನು ಇದನ್ನು ಮರೆತು ಅಲ್ಲಿ ಮನೆ ಮಾಡಲಾರೆ.

ನಮ್ಮ ಕಡೆಯವನು ಎನ್ನಬಹುದಾದ ಒಬ್ಬ ಅಲ್ಲಿ ಬಾಳಿದ್ದಾನೆ. ಖೈಬರ್ ಕಣಿವೆಯ ಬಳಿಯ ಜರೀಫ್ ಖಾನ್ ಶತಮಾನದ ಹಿಂದೆ ಶೆರಿಡನ್‌ಗೆ ಬಂದು ತಮಾಲೆ, ಹ್ಯಾಂಬರ್ಗರ್ ಮಾರಿ ಊರಿಗೆಲ್ಲ ಬೇಕಾದವನಾದ. ಭಗತ್ ಸಿಂಗ್ ಥಿಂದ್ ಮೊಕದ್ದಮೆಯಲ್ಲಿ 1923ರಲ್ಲಿ ಬಂದ ತೀರ್ಪು ಭಾರತದವರಿಗೆ ಪೌರತ್ವದ ಬಾಗಿಲು ಮುಚ್ಚಿತ್ತು. ಜರೀಫ್ ಖಾನ್‌ಗೆ ಕೊಟ್ಟಿದ್ದ ಪೌರತ್ವವನ್ನೂ ಕಿತ್ತುಕೊಂಡರು. ಆದರೂ ಅವನು ಅಂಗಡಿ ಮುಚ್ಚಲಿಲ್ಲ. 1954ರಲ್ಲಿ ಮತ್ತೆ ಪೌರನಾದ. ಕಾಗದದ ಮೇಲೆ ಅವನು ಯಾರೂ ಅಲ್ಲದೆ ಉಳಿದ ಆ ವರ್ಷಗಳಲ್ಲೂ ಶೆರಿಡನ್‌ನ ಮಕ್ಕಳು ಅವನ ಕೈಯಿಂದಲೇ ತಿಂದು ಬೆಳೆದರು. ಈ ಕತೆ ನನಗೆ ಧೈರ್ಯವನ್ನೂ ಕೊಡುತ್ತದೆ, ಎಚ್ಚರವನ್ನೂ ಕೊಡುತ್ತದೆ.

ಮನೆ ಕೊಳ್ಳುವುದು ಈಗಲ್ಲ. ಬೇಸಿಗೆಯಲ್ಲಿ ನೋಡಿ ಮನಸೋತ ಊರನ್ನು ಫೆಬ್ರವರಿಯಲ್ಲೊಮ್ಮೆ ನೋಡಬೇಕು, ಮೊದಲ ವರ್ಷ ಬಾಡಿಗೆಗೇ ಇರಬೇಕು ಎಂದು ಇಬ್ಬರೂ ಒಪ್ಪಿದ್ದೇವೆ. ರಸ್ತೆ ಮುಚ್ಚಿದ ರಾತ್ರಿ ಬಸುರಿಯರ ಗತಿ ಏನು, ಹೆಲಿಕಾಪ್ಟರ್ ಯಾವ ಗಾಳಿಯವರೆಗೆ ಹಾರುತ್ತದೆ ಎಂದೆಲ್ಲ ಹೆಂಡತಿ ಲಾರಮಿಯ ನರ್ಸುಗಳನ್ನು ಕೇಳಲು ಬರೆದಿಟ್ಟುಕೊಂಡಿದ್ದಾಳೆ. ಊರಾಚೆಯ ಸ್ವಯಂಸೇವಕ ಅಗ್ನಿಶಾಮಕ ತಂಡವೊಂದಕ್ಕೆ ನಾನೂ ಪತ್ರ ಹಾಕಿದ್ದೆ, ನನ್ನ ವಯಸ್ಸಿನವರನ್ನು ಸೇರಿಸಿಕೊಳ್ಳುತ್ತೀರಾ ಎಂದು. ವಯಸ್ಸಿನ ಮಾತೇ ಎತ್ತದೆ, ನೀರಿನ ಟ್ಯಾಂಕರ್ ಓಡಿಸಲು ಬರುತ್ತದೆಯೇ ಎಂದು ಕೇಳಿ ಉತ್ತರ ಬಂತು. ಟ್ರ್ಯಾಕ್ಟರ್ ಓಡಿಸಿದ್ದೇನೆ, ಟ್ಯಾಂಕರ್ ಕಲಿಯುತ್ತೇನೆ ಎಂದು ಬರೆದಿದ್ದೇನೆ.