ಸಣ್ಣ ಬ್ಯಾಟರಿಯ ದೊಡ್ಡಸ್ತಿಕೆ

ನಮ್ಮ ಉಡುಪಿ ಜಿಲ್ಲೆಯ ಬೆಳೆಗಳ ಪಟ್ಟಿ ಮಾಡುವಾಗ ಭತ್ತ, ತೆಂಗು, ಅಡಿಕೆ, ಮಟ್ಟುಗುಳ್ಳಗಳ ಜೊತೆಗೆ ಬೀಗವನ್ನೂ ಸೇರಿಸಬೇಕು. ಕಾಪುವಿನ ಕಡಲ ಬದಿಯಿಂದ ಕಾರ್ಕಳದ ಗುಡ್ಡದ ಬುಡದವರೆಗೆ ಒಂದು ಸುತ್ತು ಬನ್ನಿ, ಬೇಕಾದಷ್ಟು ಕಾಣಸಿಗುತ್ತದೆ. ಚಂದದ ಮನೆ, ಇಂಟರ್‌ಲಾಕ್ ಹಾಕಿದ ಅಂಗಳ, ಗೇಟಿಗೆ ಮುಷ್ಟಿಗಾತ್ರದ ಬೀಗ. ಮನೆಯವರು ಮುಂಬಯಿಯಲ್ಲೋ ದುಬಾಯಿಯಲ್ಲೋ ಮಸ್ಕತ್ತಿನಲ್ಲೋ ಇರುತ್ತಾರೆ. ಅಷ್ಟಮಿಗೆ, ನೇಮಕ್ಕೆ, ಮದುವೆ ಮುಂಜಿಗೆ ಬಂದು ಹೋಗುತ್ತಾರೆ. ಹಿಂದೆಲ್ಲ ಊರು ಬಿಡುವಾಗ ನೆರೆಯವರ ಕೈಗೆ ಕೀಲಿಕೈ ಕೊಟ್ಟು ಹೇಳುತ್ತಿದ್ದುದು ಒಂದೇ ಮಾತು: "ದೇವರಿಗೆ ದೀಪ ಇಡಿ, ದೈವದ ಕೋಣೆ ಗುಡಿಸಿ." ಈಗ ಅದಕ್ಕೆ ಇನ್ನೊಂದು ಬಾಲ ಸೇರಿಕೊಂಡಿದೆ: "ಕಾರನ್ನು ಒಮ್ಮೊಮ್ಮೆ ಸ್ಟಾರ್ಟ್ ಮಾಡಿ."

ನನ್ನ ಪಾಲಿಗೆ ಅಂಥ ಮೂರು ಕೀಲಿಕೈಗಳು ಬಂದಿವೆ. ಒಂದು ಮಣಿಪಾಲದ ಫ್ಲ್ಯಾಟಿನದು, ಒಂದು ಕಾರ್ಕಳದ ಹಳೇ ಮನೆಯದು, ಇನ್ನೊಂದು ಕಾಪುವಿನ ದೊಡ್ಡಮ್ಮನ ಮನೆಯದು. ದೊಡ್ಡಮ್ಮ ಮನೆಯಲ್ಲೇ ಇದ್ದಾರೆ, ಬೀಗ ಬಿದ್ದಿಲ್ಲ. ಆದರೆ ಕಾರು ಮಸ್ಕತ್ತಿನಲ್ಲಿರುವ ಮಗನದು. ಮೂರೂ ಈಗಿನ ಕಾಲದ ಹೈಬ್ರಿಡ್ ಕಾರುಗಳು. ಪೆಟ್ರೋಲೂ ಉಂಟು, ಕರೆಂಟೂ ಉಂಟು ಎನ್ನುವ ಈ ಅರ್ಧನಾರೀಶ್ವರ ಜಾತಿ ನಮಗೆ ತೀರಾ ಹೊಸತೇನಲ್ಲ. ಜಪಾನಿನಲ್ಲಿ ಪ್ರಿಯಸ್ ಮಾರಾಟಕ್ಕೆ ಬಂದದ್ದು 1997ರ ಡಿಸೆಂಬರಿನಲ್ಲಿ, ಭಾರತಕ್ಕೆ ಬಂದದ್ದು 2010ರಲ್ಲಿ. ನಮ್ಮ ಬಿಡದಿಯಲ್ಲೇ 2013ರಿಂದ ಕ್ಯಾಮ್ರಿ ಹೈಬ್ರಿಡ್ ತಯಾರಾಯಿತು. ಆದರೂ ನಮ್ಮ ಓಣಿಗಳಿಗೆ ಅದು ನುಗ್ಗಿದ್ದು 2022ರ ಈಚೆಗೆ, ಎರಡು ಮೂರು ಕಂಪೆನಿಗಳು ಮಧ್ಯಮ ವರ್ಗದ ಕೈಗೆಟಕುವಂತೆ ಮಾಡಿದ ಮೇಲೆ.

ಈ ಕಾರುಗಳ ಹೊಟ್ಟೆಯಲ್ಲಿ ಎರಡು ಬ್ಯಾಟರಿಗಳಿರುತ್ತವೆ. ಒಂದು ದೊಡ್ಡದು. ಗಾಲಿ ತಿರುಗಿಸುವ ಮೋಟಾರಿಗೆ ಅನ್ನ ಹಾಕುವುದು ಅದೇ. ಪ್ರಿಯಸ್ಸಿನ ಎರಡನೇ ಪೀಳಿಗೆಯಲ್ಲಿ 168 ಕೋಶಗಳನ್ನು ಸಾಲಾಗಿ ಜೋಡಿಸಿ 201.6 ವೋಲ್ಟು ಮಾಡಿದ್ದರು. ಇನ್ನೊಂದು ಸಣ್ಣದು, ಎಲ್ಲ ಕಾರಿನಲ್ಲೂ ಇರುವಂಥ 12 ವೋಲ್ಟಿನ ಸೀಸದ ಬ್ಯಾಟರಿ. ಮಾಮೂಲಿ ಕಾರಿನಲ್ಲಿ ಇಂಜಿನನ್ನು ಗಿರಗಿರನೆ ತಿರುಗಿಸಿ ಎಬ್ಬಿಸುವುದು ಈ ಸಣ್ಣದರ ಕೆಲಸ. ಪೂರ್ಣ ಹೈಬ್ರಿಡ್ಡಿನಲ್ಲಿ ಆ ಭಾರದ ಕೆಲಸವನ್ನೂ ದೊಡ್ಡದೇ ಮಾಡುತ್ತದೆ. ಹಾಗಾದರೆ ಸಣ್ಣದಕ್ಕೆ ಏನು ಕೆಲಸ? ಬಾಗಿಲು ತೆಗೆಯುವುದು, ಕಂಪ್ಯೂಟರುಗಳನ್ನು ಎಬ್ಬಿಸುವುದು, ಆಮೇಲೆ ದೊಡ್ಡ ಬ್ಯಾಟರಿಯ ರಿಲೇ ಎಂಬ ಚಿಲಕ ಸರಿಸಿ "ಇನ್ನು ಬರಬಹುದು" ಎನ್ನುವುದು. ಆ ಚಿಲಕ ಸರಿಯದಿದ್ದರೆ ದೊಡ್ಡದರಲ್ಲಿ ಎಷ್ಟು ಶಕ್ತಿ ತುಂಬಿದ್ದರೂ ಕಾರು ಕಲ್ಲಿನ ಹಾಗೆ ಕೂತಿರುತ್ತದೆ.

ಮಣಿಪಾಲದ ಸುತ್ತ ಬೆಳೆದವರಿಗೆ ಇದನ್ನು ಅರ್ಥ ಮಾಡಿಸಲು ನನಗೊಂದು ಸುಲಭದ ದಾರಿ ಸಿಕ್ಕಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋದ ಬ್ಯಾಂಕು 1928ರಲ್ಲಿ ಪಿಗ್ಮಿ ಎಂಬ ಠೇವಣಿ ಸುರು ಮಾಡಿತು. ಏಜೆಂಟರು ದಿನಾ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಾದರೂ ಸೈ ಎಂದು ಒಟ್ಟು ಮಾಡಿಕೊಂಡು ಹೋಗುವ ಪದ್ಧತಿ. ಹೈಬ್ರಿಡ್ಡಿನ ದೊಡ್ಡ ಬ್ಯಾಟರಿ ಫಿಕ್ಸೆಡ್ ಡಿಪಾಸಿಟ್ಟು, ಸಣ್ಣದು ಪಿಗ್ಮಿ ಖಾತೆ. ಪಿಗ್ಮಿಗೆ ಜಮೆಯೂ ಚಿಲ್ಲರೆ, ಖರ್ಚೂ ಚಿಲ್ಲರೆ. ಕಾರು ಓಡುತ್ತಿದ್ದರೆ ಎಫ್‌ಡಿಯ ಬಡ್ಡಿಯಿಂದ ಪಿಗ್ಮಿಗೆ ತಾನಾಗಿ ಜಮೆಯಾಗುತ್ತಿರುತ್ತದೆ. ಕಾರು ನಿಂತಿತೋ, ಏಜೆಂಟು ಬರುವುದು ನಿಂತಿತು. ಆದರೆ ಖರ್ಚು ನಿಲ್ಲುವುದಿಲ್ಲ.

ನಿಂತ ಕಾರಿಗೆ ಏನು ಖರ್ಚು ಎಂದು ಕೇಳುತ್ತೀರಿ. ಈಗಿನ ಕಾರುಗಳು ಪೂರ್ತಿ ನಿದ್ದೆ ಮಾಡುವುದೇ ಇಲ್ಲ. ಕಳ್ಳನ ಅಲಾರಮ್ಮು ಎಚ್ಚರದಲ್ಲಿರಬೇಕು. ಯಜಮಾನ ಕೀಲಿಕೈ ಜೇಬಿನಲ್ಲಿಟ್ಟುಕೊಂಡು ಬಂದನೇ ಎಂದು ರೇಡಿಯೋ ಕಿವಿಗೊಟ್ಟು ಕೂತಿರಬೇಕು. ಇದಕ್ಕೆಲ್ಲ 20ರಿಂದ 50 ಮಿಲಿ ಆಂಪಿಯರಿನಷ್ಟು ಕರೆಂಟು ಸೋರುತ್ತಲೇ ಇರುತ್ತದೆ. ನಡುವಿನ ಲೆಕ್ಕ 30 ಎಂದಿಟ್ಟುಕೊಂಡರೆ ದಿನಕ್ಕೆ 0.72 ಆಂಪಿಯರ್-ಗಂಟೆ, ತಿಂಗಳಿಗೆ 21.6. ಬ್ಯಾಟರಿಯ ಒಟ್ಟು ಬಂಡವಾಳವೇ 45 ಆಂಪಿಯರ್-ಗಂಟೆಯಾದರೆ ಒಂದು ತಿಂಗಳಲ್ಲಿ ಅರ್ಧ ಖಾಲಿ. ನಮ್ಮ ಕರಾವಳಿಯ ಸೆಕೆಯಲ್ಲಿ ಬ್ಯಾಟರಿ ತನ್ನಷ್ಟಕ್ಕೇ ಕಳೆದುಕೊಳ್ಳುವುದೂ ಹೆಚ್ಚು. ಸೀಸದ ಬ್ಯಾಟರಿಯ ಇನ್ನೊಂದು ಹಣೆಬರಹವೆಂದರೆ ಅರೆಹೊಟ್ಟೆಯಲ್ಲಿ ಬಹಳ ದಿನ ಕೂರಿಸಿದರೆ ಅದರ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಉಣಿಸಿದರೂ ಮೈಗೆ ಹತ್ತುವುದಿಲ್ಲ. ಮೀಟರಿನಲ್ಲಿ 12.6 ವೋಲ್ಟು ತೋರಿಸಿದರೆ ಹೊಟ್ಟೆ ತುಂಬಿದೆ ಎಂದರ್ಥ, 12.2 ಎಂದರೆ ಅರ್ಧ, 12ಕ್ಕೆ ಇಳಿಯಿತೆಂದರೆ ಜೀವ ಗಂಟಲಿಗೆ ಬಂದಿದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಇದು ಹೈಬ್ರಿಡ್ಡಿನವರಿಗೆ ಮಾತ್ರವಲ್ಲ, ಎಲ್ಲ ಕಾರಿನವರಿಗೂ ಗೊತ್ತಾಯಿತು. ವಿಮಾನವಿಲ್ಲದೆ ಗಲ್ಫಿನಲ್ಲಿ ಸಿಕ್ಕಿಬಿದ್ದವರ ಕಾರುಗಳು ಇಲ್ಲಿ ಅಂಗಳದಲ್ಲಿ ಒಂದೊಂದಾಗಿ ಪ್ರಜ್ಞೆ ತಪ್ಪಿದವು. ಕಾರು ಸತ್ತದ್ದಕ್ಕೆ ಯಾರೂ ಅಳಲಿಲ್ಲ. ಆಗ ಅಳುವುದಕ್ಕೆ ಬೇರೆಯೇ ಕಾರಣಗಳಿದ್ದವು.

ಆದರೆ ಕಾರು ಬೇಕಾಗುವ ಹೊತ್ತು ಹೇಳಿ ಕೇಳಿ ಬರುವುದಿಲ್ಲವಲ್ಲ. ಆಮೇಲಿನ ಒಂದು ಆಟಿ ತಿಂಗಳ ರಾತ್ರಿ, ಕಾಪುವಿನಲ್ಲಿ ಹುಚ್ಚು ಮಳೆ. ದೊಡ್ಡಮ್ಮನಿಗೆ ಎದೆಯಲ್ಲಿ ಏನೋ ಹಿಂಡಿದ ಹಾಗಾಯಿತು. ನೆರೆಮನೆಯವರು ಓಡಿ ಬಂದರು. ಮಣಿಪಾಲಕ್ಕೆ 20 ಕಿಲೋಮೀಟರಿನೊಳಗಿನ ದಾರಿ, ಹೆದ್ದಾರಿಯೂ ಉಂಟು, ಕಾರೂ ಉಂಟು, ಓಡಿಸಲು ನೆರೆಮನೆಯ ಹುಡುಗನೂ ಉಂಟು. ಇಂಥ ಹೊತ್ತಿಗೆ ಇರಲಿ ಎಂದೇ ಮಗ ಕಾರು ತೆಗೆದಿಟ್ಟಿದ್ದ. ಗುಂಡಿ ಒತ್ತಿದರೆ ಬಾಗಿಲೇ ತೆರೆಯಲಿಲ್ಲ. ಕೊನೆಗೆ ಎರಡು ಮನೆ ಆಚೆಯ ರಿಕ್ಷಾದವರನ್ನು ಎಬ್ಬಿಸಿ, ಟರ್ಪಾಲು ಇಳಿಬಿಟ್ಟು ದೊಡ್ಡಮ್ಮನನ್ನು ಕೂರಿಸಿಕೊಂಡು ಹೋದರು. ದೇವರ ದಯೆ, ಹೊತ್ತಿಗೆ ಸರಿಯಾಗಿ ಮುಟ್ಟಿದರು. ನಾಲ್ಕನೇ ದಿನ ಮನೆಗೆ ಬಂದ ದೊಡ್ಡಮ್ಮ ಶೆಡ್ಡಿನ ಕಡೆ ನೋಡಿ ನನ್ನ ಹತ್ತಿರ ಅಂದದ್ದು ಇಷ್ಟೇ: "ಎಂತ ಮಾರಾಯ, ಆನೆ ಸಾಕಿದ ಹಾಗೆ ಸಾಕಿದ್ದೇವೆ. ಕಡೆಗೆ ಆ ಮೂರು ಗಾಲಿಯದ್ದೇ ಲಾಯ್ಕ!"

ಮೆಕ್ಯಾನಿಕ್ ಬಂದು ಮೀಟರಿಟ್ಟ. 9 ವೋಲ್ಟಿನ ಹತ್ತಿರ. ಅಂಗೈಯಗಲದ ಜಂಪ್ ಪೆಟ್ಟಿಗೆಯೊಂದನ್ನು ತಾಗಿಸಿದ್ದೇ ತಡ, ಕಾರು ಕಣ್ಣು ಬಿಟ್ಟಿತು. ದೊಡ್ಡ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಹಾಗೆಯೇ ಇತ್ತು! ಹಾಗೆಂದು ಯಾರೂ ಉದಾಸೀನ ಮಾಡಿದ್ದೂ ಅಲ್ಲ. ಆ ಹುಡುಗ ಹಿರಿಯರು ಹೇಳಿಕೊಟ್ಟ ಹಾಗೆ ವಾರಕ್ಕೊಮ್ಮೆ ಬಂದು ಐದು ನಿಮಿಷ ಸ್ಟಾರ್ಟ್ ಮಾಡಿಯೇ ಹೋಗುತ್ತಿದ್ದ. ಅಂಬಾಸಿಡರ್, ಫಿಯೆಟ್ಟುಗಳ ಕಾಲದಿಂದ ಬಂದ ಬುದ್ಧಿಮಾತು ಅದು. ಲೆಕ್ಕ ಹಾಕಿ ನೋಡಿ. ಐದು ನಿಮಿಷದಲ್ಲಿ 10 ಆಂಪಿಯರಿನಂತೆ ಹರಿದರೂ ಒಂದು ಆಂಪಿಯರ್-ಗಂಟೆ ತುಂಬುವುದಿಲ್ಲ. ವಾರಕ್ಕೆ ಸೋರುವುದು ಐದು. ಎರಡು ತಿಂಗಳಲ್ಲಿ ಪಿಗ್ಮಿ ಖಾತೆ ಮುಳುಗದೆ ಇನ್ನೇನು?

ಆಮೇಲೆ ನಾನು ಮೂರು ಮನೆಗೂ ಮೂರು ಬಗೆಯ ವ್ಯವಸ್ಥೆ ಮಾಡಿದೆ. ಮನೆಯಿಂದ ಮನೆಗೆ ಸಂಗತಿ ಬೇರೆ.

ಮಣಿಪಾಲದ ಫ್ಲ್ಯಾಟಿನ ಕಾರು ನೆಲಮಾಳಿಗೆಯಲ್ಲಿದೆ. ಅಲ್ಲಿ ಪ್ಲಗ್ ಪಾಯಿಂಟಿಲ್ಲ. ನಿಂತಲ್ಲೇ ಚಾಲೂ ಇಡೋಣವೆಂದರೆ ದೊಡ್ಡ ಬ್ಯಾಟರಿ ಇಳಿದಾಗ ಪೆಟ್ರೋಲ್ ಇಂಜಿನ್ ಹೇಳದೆ ಕೇಳದೆ ಎದ್ದುಬಿಡುತ್ತದೆ. ಗಾಳಿಯಾಡದ ಜಾಗದಲ್ಲಿ ಅದರ ಹೊಗೆ ಪ್ರಾಣಕ್ಕೇ ಅಪಾಯ. ಆದ್ದರಿಂದ ವಾರಕ್ಕೊಮ್ಮೆ ನಾನೇ ಅದನ್ನು ಮಲ್ಪೆಯವರೆಗೆ ತೆಗೆದುಕೊಂಡು ಹೋಗಿ ಗಾಳಿ ಕುಡಿಸಿಕೊಂಡು ಬರುತ್ತೇನೆ. ಹೋಗಿ ಬರುವಷ್ಟರಲ್ಲಿ ಒಂದು ಗಂಟೆ. ದೊಡ್ಡ ಬ್ಯಾಟರಿಗೂ ಎರಡು ಮೂರು ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆಯ ಓಡಾಟ ಬೇಕು, ಟಯರಿಗೂ ಒಳ್ಳೆಯದು. ಮೀನು ತರುವ ನೆಪವೂ ಆಯಿತು.

ಕಾರ್ಕಳದ ಮನೆಯವರು ಬರುವುದು ಆರು ತಿಂಗಳಿಗೊಮ್ಮೆ. ಸಿಡಿಲಿಗೆ ಹೆದರಿ ಮೇನ್ ಸ್ವಿಚ್ ತೆಗೆದಿಟ್ಟೇ ಹೋಗುತ್ತಾರೆ. ಘಟ್ಟದ ಬುಡದ ಸಿಡಿಲು ಕಂಡವರು ಅದನ್ನು ತಪ್ಪೆನ್ನಲಾರರು. ಕರೆಂಟೇ ಇಲ್ಲದ ಮೇಲೆ ಚಾರ್ಜರು ಇಟ್ಟು ಏನು ಪ್ರಯೋಜನ? ಅಲ್ಲಿ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ನೆಗೆಟಿವ್ ವಯರನ್ನು ಕಳಚಿಡುವುದೇ ಲೇಸು. ಸೋರುವ ನಲ್ಲಿಗೆ ಬಿರಡೆ ಹಾಕಿದ ಹಾಗೆ. ಎರಡು ತಿಂಗಳಿಗೊಮ್ಮೆ ಹೋಗಿ ಮೀಟರಿಟ್ಟು ನೋಡಿದರಾಯಿತು. ಗಡಿಯಾರ, ಕಿಟಕಿಯ ಗಾಜುಗಳ ನೆನಪು ಅಳಿಸಿಹೋಗುತ್ತದೆ, ಅದೇನು ದೊಡ್ಡ ನಷ್ಟವಲ್ಲ. ಒಂದೇ ಎಚ್ಚರ ಬೇಕು. ಕೆಲವು ಹೈಬ್ರಿಡ್ಡುಗಳಲ್ಲಿ ಈ ಸಣ್ಣ ಬ್ಯಾಟರಿ ಇರುವುದು ಡಿಕ್ಕಿಯೊಳಗೆ, ಡಿಕ್ಕಿ ತೆರೆಯುವುದು ಕರೆಂಟಿನಲ್ಲಿ. ವಯರು ಕಳಚಿ ಡಿಕ್ಕಿ ಮುಚ್ಚಿದರೆ ಪೆಟ್ಟಿಗೆಯ ಕೀಲಿಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತೆ. ಅಂಥ ಕಾರುಗಳ ರಿಮೋಟಿನೊಳಗೆ ಅಡಗಿರುವ ಲೋಹದ ಕೀಲಿಯಿಂದ ಚಾಲಕನ ಬಾಗಿಲು ತೆರೆಯಬಹುದು. ಬಾನೆಟ್ಟಿನಡಿ ಹೊರಗಿನಿಂದ ಕರೆಂಟು ಕೊಡಲೆಂದೇ ಒಂದು ಜಾಗವನ್ನೂ ಮಾಡಿರುತ್ತಾರೆ. ಅದು ಎಲ್ಲಿದೆಯೆಂದು ಕಾರು ಜೀವಂತ ಇರುವಾಗಲೇ ನೋಡಿಟ್ಟುಕೊಳ್ಳಬೇಕು.

ಕಾಪುವಿನಲ್ಲಿ ಹೊಸ ಬ್ಯಾಟರಿ ಹಾಕಿಸಿದೆವು, ಹಳೆಯದು ಮತ್ತೆ ಏಳಲಿಲ್ಲ. ಉಪ್ಪುಗಾಳಿಗೆ ಟರ್ಮಿನಲ್ಲು ಹಸಿರುಗಟ್ಟುತ್ತದೆಂದು ವ್ಯಾಸಲೀನ್ ಸವರಿದೆವು. ಶೆಡ್ಡಿನ ಗೋಡೆಯ ಮೊಳೆಗೆ ನೇತಾಡುತ್ತಿದ್ದ ರಿಮೋಟನ್ನು ಒಳಗಿನ ಕಪಾಟಿಗೆ ಸೇರಿಸಿದೆವು. ಅದು ಅಲ್ಲಿದ್ದಷ್ಟು ದಿನವೂ ಕಾರು ಅದರೊಡನೆ ಮಾತಾಡುತ್ತಲೇ ಇದ್ದಿರಬೇಕು. ಹುಡುಗನಿಗೆ ಹೊಸ ಪಾಠ ಹೇಳಿದೆ: ಗೇರು 'ಪಿ'ಯಲ್ಲಿರಲಿ, ಬ್ರೇಕು ಒತ್ತಿ ಗುಂಡಿ ಒತ್ತು, 'ರೆಡಿ' ಎಂಬ ದೀಪ ಹತ್ತಬೇಕು. ಬ್ರೇಕು ಒತ್ತದೆ ಬರೀ ಗುಂಡಿ ಒತ್ತಿದರೆ ರೇಡಿಯೋ ಹಾಡುತ್ತದೆ, ಡ್ಯಾಶ್‌ಬೋರ್ಡು ಬೆಳಗುತ್ತದೆ, ಆದರೆ ಸಣ್ಣ ಬ್ಯಾಟರಿಗೆ ಜಮೆಯಿಲ್ಲ, ಖರ್ಚು ಮಾತ್ರ. 'ರೆಡಿ' ಇದ್ದರೆ ಇಂಜಿನ್ ಸದ್ದಿಲ್ಲದಿದ್ದರೂ ದೊಡ್ಡದರಿಂದ ಸಣ್ಣದಕ್ಕೆ 14 ವೋಲ್ಟಿನ ಆಸುಪಾಸಿನಲ್ಲಿ ಹರಿಯುತ್ತಿರುತ್ತದೆ. ಶೆಡ್ಡಿನ ಬಾಗಿಲು ತೆರೆದಿರಲಿ, ಏ.ಸಿ., ಲೈಟು ಬೇಡ. ಹೀಗೆ ವಾರಕ್ಕೊಂದು ಗಂಟೆ.

"ಒಂದು ಗಂಟೆ ಕಾರಿನಲ್ಲಿ ಕೂತು ಎಂತ ಮಾಡುವುದು?" ಎಂದು ಹುಡುಗ ಕೇಳಿದ. ಕಾರಿನಲ್ಲಿ ಯಾಕೆ, ಕಣ್ಣಿಗೆ ಬೀಳುವಷ್ಟು ದೂರದಲ್ಲಿದ್ದರೆ ಸಾಕು, ಜಗಲಿಯಲ್ಲಿ ಕೂತುಕೋ ಎಂದೆ. ಮಣಿಪಾಲದಲ್ಲಿ ಓದುವ ಹುಡುಗ, ಆದಿತ್ಯವಾರ ಮನೆಯಲ್ಲಿರುತ್ತಾನೆ. ಬರುತ್ತಾನೆ, 'ರೆಡಿ' ಮಾಡುತ್ತಾನೆ, ಜಗಲಿಯಲ್ಲಿ ಕೂರುತ್ತಾನೆ. ದೊಡ್ಡಮ್ಮ ಚಾ ಕೊಡುತ್ತಾರೆ, ಬಿಸಿ ಗೋಳಿಬಜೆ ಕೊಡುತ್ತಾರೆ. ಮೊದಲು ಐದು ನಿಮಿಷ ಬಂದು ಹೋಗುತ್ತಿದ್ದಾಗ ಅವರಿಬ್ಬರ ನಡುವೆ "ಆರಾಮಾ?" ಎಂಬುದರಾಚೆ ಮಾತು ಹೋಗುತ್ತಿರಲಿಲ್ಲ. ಈಗ ಅವನಿಗೆ ದೊಡ್ಡಮ್ಮನ ಯಾವ ಮಾತ್ರೆ ಮುಗಿಯುತ್ತಾ ಬಂದಿದೆ ಎಂಬುದೂ ಗೊತ್ತು.

ಇದೆಲ್ಲ ತಿಳಿದ ಮಸ್ಕತ್ತಿನ ಮಗ ಫೋನಿನಲ್ಲಿ ಒಂದು ಸಲಹೆ ಕೊಟ್ಟ. ಈಗ ಜಾಣ ಚಾರ್ಜರುಗಳು ಸಿಗುತ್ತವೆ. ಪ್ಲಗ್ಗಿಗೆ ಹಾಕಿಟ್ಟರೆ ಬ್ಯಾಟರಿ ತುಂಬಿದ ಕೂಡಲೇ ತಾನೇ ಕೈ ಬಿಗಿಹಿಡಿದು, ಆಮೇಲೆ ಸೋರಿದಷ್ಟನ್ನೇ ಹನಿಹನಿಯಾಗಿ ತುಂಬುತ್ತವೆ. ಗ್ಯಾರೇಜಿನ ಹಳೇ ಚಾರ್ಜರಿನ ಹಾಗೆ ಕುದಿಸುವುದಿಲ್ಲ. ಬ್ಯಾಟರಿಯ ಜಾತಿಗೆ ಹೊಂದುವುದನ್ನು ಆರಿಸಿದರಾಯಿತು. ಬ್ಯಾಟರಿಯ ಆರೋಗ್ಯದ ಮಟ್ಟಿಗೆ ಹೇಳುವುದಾದರೆ ಇದೇ ಎಲ್ಲಕ್ಕಿಂತ ಉತ್ತಮ ಉಪಾಯ, ನಾನೂ ಹೌದೆಂದೆ. ದೊಡ್ಡಮ್ಮ ಮಾತ್ರ ಒಪ್ಪಲಿಲ್ಲ.

"ಆ ಪೆಟ್ಟಿಗೆ ಇಟ್ಟರೆ ಹುಡುಗ ಯಾಕೆ ಬರುತ್ತಾನೆ?" ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಮಗನಿಗೂ ಇರಲಿಲ್ಲವೆಂದು ಕಾಣುತ್ತದೆ, ಆಚೆಯಿಂದ ಸ್ವಲ್ಪ ಹೊತ್ತು ಸದ್ದು ಬರಲಿಲ್ಲ. ದೂರದ ಮಕ್ಕಳು ತಾಯಿಯ ಹೆಸರಿಗೆ ದೊಡ್ಡ ದೊಡ್ಡ ಠೇವಣಿಗಳನ್ನೇ ಇಟ್ಟಿರುತ್ತಾರೆ. ಮನೆ, ಕಾರು, ಇನ್ಶೂರೆನ್ಸು, ಯಾವುದಕ್ಕೂ ಕಡಿಮೆಯಿಲ್ಲ. ರಾತ್ರಿ ಎದೆ ಹಿಂಡಿದಾಗ ಅವುಗಳ ಚಿಲಕ ಸರಿಸಲು ಪಕ್ಕದಲ್ಲಿ ಒಬ್ಬ ಬೇಕಾಗುತ್ತದೆ. ಅವನು ಬರುವುದೂ ಪಿಗ್ಮಿ ಏಜೆಂಟಿನ ಹಾಗೆ, ಚಿಲ್ಲರೆ ಚಿಲ್ಲರೆಯಾಗಿ, ತಪ್ಪದೆ ಬಂದರೆ ಮಾತ್ರ ಲೆಕ್ಕಕ್ಕೆ. ಚಾರ್ಜರು ಈಗ ಕಪಾಟಿನಲ್ಲಿದೆ. ಹುಡುಗನಿಗೆ ಪರೀಕ್ಷೆಯಿದ್ದಾಗ ಹಾಕಿದರೆ ಸಾಕೆಂದು ಇಟ್ಟುಕೊಂಡಿದ್ದೇವೆ. ಉಳಿದ ಆದಿತ್ಯವಾರಗಳಲ್ಲಿ ಮೀಟರು 12.6 ತೋರಿಸುತ್ತಿದೆ.