ಕತ್ತಲಲ್ಲಿರುವ ಮೊಲ

ಜರ್ಮನಿಯ ನ್ಯೂರೆಂಬರ್ಗ್ ನಗರದ ಕಲಾವಿದ ಆಲ್ಬ್ರೆಕ್ಟ್ ಡ್ಯೂರರನು 1502ರಲ್ಲಿ ಒಂದು ಕಾಡುಮೊಲವನ್ನು ಚಿತ್ರಿಸಿದನು. ಕಾಗದದ ಮೇಲೆ ತೆಳುವಾದ ಕಂದು ಜಲವರ್ಣವನ್ನು ಹರಡಿ, ಅದರ ಮೇಲೆ ದಟ್ಟವರ್ಣದಿಂದ ರೋಮಗಳನ್ನು ಬಿಡಿಸಿ, ಬೆಳಕು ಬಿದ್ದೆಡೆ ಬಿಳಿಯ ಗೆರೆಗಳನ್ನೆಳೆದನು. ಹಿಂದೆ ಕಾಡಿಲ್ಲ, ಕೆಳಗೆ ಹುಲ್ಲಿಲ್ಲ. ಆದರೂ ಮೊಲ ಕಿವಿ ನಿಮಿರಿಸಿ ಕುಳಿತಿದೆ. ಆ ಬಯಲಿನ ಜೀವಿಯ ಕಣ್ಣಿನಲ್ಲಿ ಒಂದು ಕಿಟಕಿ ಪ್ರತಿಬಿಂಬಿಸಿದೆ!

ಈ ಚಿತ್ರವು ಇಂದು ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಬೆಳಕು ತಗುಲಿದಷ್ಟೂ ಕಾಗದವೂ ಬಣ್ಣವೂ ಕೆಡುವುದರಿಂದ ಮೂಲಕೃತಿಯನ್ನು ಕತ್ತಲಲ್ಲಿ ಕಾಪಾಡುತ್ತಾರೆ. ಅಪರೂಪಕ್ಕೊಮ್ಮೆ ಮಾತ್ರ ಹೊರತರುತ್ತಾರೆ. ದೂರದಿಂದ ಬಂದವನು ಅದರ ಪ್ರತಿಯನ್ನಷ್ಟೇ ಕಂಡು ಹಿಂದಿರುಗಬೇಕಾದೀತು. ಅವನಿಗಾಗುವ ನಿರಾಶೆ ಸಹಜವೇ. ಆದರೆ ಪ್ರತಿಯೊಬ್ಬರೂ ಇಂದೇ ನೋಡಬೇಕೆಂದು ಹಟ ಹಿಡಿದರೆ, ಇನ್ನೂ ಹುಟ್ಟದ ಮಕ್ಕಳಿಗೆ ಬರಿಯ ಕಾಗದವೇ ಉಳಿದೀತು. ನೋಡುವ ಆಸೆಯನ್ನು ಹಿಡಿದಿಡುವುದೂ ಪ್ರೀತಿಯೇ ಅಲ್ಲವೇ?