ನವನಗರದಲ್ಲಿ ಏನಾಗುತ್ತದೆ?

“ಅಜ್ಜಿ, ಇಲ್ಲಿ ಏನೂ ಆಗೋದೇ ಇಲ್ವಾ?”

ದಸರಾ ಸೂಟಿಗೆಂದು ಬೆಂಗಳೂರಿನಿಂದ ಬಂದ ಮೊಮ್ಮಗಳು ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳಿದ ಪ್ರಶ್ನೆ ಇದು. ಆರನೆಯ ತರಗತಿಯ ಹುಡುಗಿ. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಿಸದೆ, “ಆಗತದವಾ, ತಡಿ” ಎಂದೆ. ಏನಾಗುತ್ತದೆ ಎಂದು ಮರುಪ್ರಶ್ನೆ ಹಾಕಿದ್ದರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಅವಳ ತಪ್ಪೇನೂ ಇಲ್ಲ. ಬಂದ ದಿನ ಹುಬ್ಬಳ್ಳಿ ರೈಲ್ವೆ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ನೋಡಲೇಬೇಕೆಂದು ಹಟ ಹಿಡಿದು, ಅಪ್ಪನನ್ನು ಆ ತುದಿಯಿಂದ ಈ ತುದಿಗೆ ನಡೆಸಿದ್ದಳು. 2023ರಲ್ಲಿ ಉದ್ಘಾಟನೆಯಾದ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಅದು. ಅಂಥ ಊರಿಗೆ ಬಂದಿಳಿದವಳು ಅಜ್ಜಿಯ ಮನೆಯ ಮುಂದೆ ನಿಂತರೆ ಕಾಣುವುದು ಏನು? ಒಂದು ಬೇವಿನ ಮರ, ಎದುರುಮನೆಯ ಬೀಗ, ರಸ್ತೆಯಲ್ಲಿ ಮಲಗಿದ ನಾಯಿ.

ನಮ್ಮ ನವನಗರ ಇರುವುದು ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ. 1962ರಲ್ಲಿ ಈ ಎರಡೂ ಊರುಗಳನ್ನು ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. ಕಾಗದದ ಮೇಲೆ ಒಂದಾದವು, ಸ್ವಭಾವದಲ್ಲಿ ಇನ್ನೂ ಎರಡೇ. ಹುಬ್ಬಳ್ಳಿಗೆ ವ್ಯಾಪಾರದ ಗಡಿಬಿಡಿ, ಧಾರವಾಡಕ್ಕೆ ಓದು, ಹಾಡು, ಹರಟೆ. ನಾವು ನಡುವಿನವರು. ಹುಬ್ಬಳ್ಳಿಯವರು “ನೀವು ಧಾರವಾಡದ ಕಡೆಯವರು” ಎನ್ನುತ್ತಾರೆ. ಧಾರವಾಡದವರು “ಹುಬ್ಬಳ್ಳಿ ಕಡೆ ಅಲ್ಲೇನ್ರಿ?” ಎನ್ನುತ್ತಾರೆ.

ಇಲ್ಲಿ ಮನೆ ಮಾಡಿದ್ದು ಲೆಕ್ಕ ಹಾಕಿ. ಯಜಮಾನರ ನೌಕರಿ ಧಾರವಾಡದಲ್ಲಿ, ನಾನು ಕಲಿಸುತ್ತಿದ್ದ ಶಾಲೆ ಹುಬ್ಬಳ್ಳಿಯಲ್ಲಿ. ನಡುವೆ ಇದ್ದರೆ ಇಬ್ಬರಿಗೂ ನ್ಯಾಯ ಎಂದು ಮೂವತ್ತು ವರ್ಷದ ಹಿಂದೆ ಬಂದೆವು. ನಾನು ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರದ ಓಣಿಯಲ್ಲಿ. ನಸುಕಿನಲ್ಲೇ ಕಾಯಿಪಲ್ಲೆ ಗಾಡಿಗಳ ಸದ್ದು, ಮಧ್ಯಾಹ್ನ ಅರಿವೆ ಅಂಗಡಿಗಳ ಕೂಗು, ಸಂಜೆಯಾದರೆ ಗಿರ್ಮಿಟ್ಟು, ಮಿರ್ಚಿ ಭಜಿಯ ವಾಸನೆ. ಅಲ್ಲಿ ಸುದ್ದಿ ಬೇಕೆಂದರೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಕಿಟಕಿ ತೆರೆದರೆ ಸಾಕಿತ್ತು. ಇಲ್ಲಿಗೆ ಬಂದ ಮೊದಲ ತಿಂಗಳು ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಗದ್ದಲಕ್ಕೆ ನಿದ್ದೆಗೆಟ್ಟವರನ್ನು ಕಂಡಿದ್ದೇನೆ, ಸದ್ದಿಲ್ಲವೆಂದು ನಿದ್ದೆಗೆಟ್ಟವಳು ನಾನೇ ಇರಬೇಕು. ರಾತ್ರಿ ಅಮರಗೋಳ ನಿಲ್ದಾಣದ ಕಡೆಯಿಂದ ರೈಲಿನ ಸೀಟಿ ಕೇಳಿದಾಗ, “ಸದ್ಯ, ಜಗತ್ತು ಇನ್ನೂ ನಡೆದದ” ಎಂದು ಸಮಾಧಾನ ಪಡುತ್ತಿದ್ದೆ.

ಆದ್ದರಿಂದ ಮೊಮ್ಮಗಳ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಬಂದದ್ದು ಹೆದರಿಕೆ. ಯಜಮಾನರು ಹೋಗಿ ಮೂರು ವರ್ಷವಾಯಿತು. ಮಗ ಪ್ರತಿ ಭಾನುವಾರ ಫೋನಿನಲ್ಲಿ ಒಂದೇ ಮಾತು ಹೇಳುತ್ತಾನೆ: ಮನೆ ಮಾರು, ಬೆಂಗಳೂರಿಗೆ ಬಾ, ಅಲ್ಲೊಬ್ಬಳೇ ಏನು ಮಾಡುತ್ತೀ? ದಸರಾ ಮುಗಿಯಲಿ, ಹೇಳುತ್ತೇನೆ ಎಂದಿದ್ದೆ. ಈಗ ಈ ಹುಡುಗಿಯೂ ಅದನ್ನೇ ಕೇಳುತ್ತಿದ್ದಾಳೆ. ಇಲ್ಲಿ ನಿಜಕ್ಕೂ ಏನೂ ಆಗುವುದಿಲ್ಲವಾದರೆ, ನಾನು ಯಾತಕ್ಕೆ ಇದ್ದೇನೆ?

ಶಾಲಾ ಮಾಸ್ತರಣಿಯ ಚಟ ಸುಲಭಕ್ಕೆ ಹೋಗುವುದಿಲ್ಲ. ಹಳೆಯ ಡೈರಿಯೊಂದನ್ನು ಅವಳ ಕೈಗೆ ಕೊಟ್ಟೆ. “ಸಂಜೀಕ ನಾಲ್ಕರಿಂದ ಐದರತನಕ ಗೇಟಿನ ಮುಂದ ಏನು ಹೋಗತದ, ಏನು ಬರತದ, ಎಲ್ಲಾ ಬರಿ. ಹತ್ತು ಆಗಲಿಲ್ಲ ಅಂದ್ರ ನೀ ಗೆದ್ದಿ.” ಗೆದ್ದರೆ ಏನು ಕೊಡುತ್ತೀ ಎಂದು ಕೇಳಿದಳು. ಧಾರವಾಡ ಪೇಢೆ ಎಂದೆ.

ಮೊದಲ ದಿನ ಅವಳೇ ಗೆದ್ದಳು. ಏಳು ಸಾಲು ಬರೆದಿದ್ದಳು, ಅದರಲ್ಲಿ ಎರಡು ಅದೇ ನಾಯಿ. ಎರಡನೆಯ ದಿನ ಹನ್ನೊಂದು. ಮೂರನೆಯ ದಿನದ ಹೊತ್ತಿಗೆ ಬರವಣಿಗೆಯ ರೀತಿ ಬದಲಾಯಿತು. ‘4.10 — ಎಮ್ಮೆಗಳು, ಐದು. ಕೊನೆಯದು ಕುಂಟುತ್ತಿದೆ.’ ‘4.25 — ಕೆಂಬೂತ ಬೇವಿನ ಮರದಿಂದ ಕಾಂಪೌಂಡಿಗೆ. ಇವತ್ತೂ ಅದೇ ಜಾಗ.’ ‘4.35 — ಪೇರಲ ಅಜ್ಜಿ.’ ನವಲೂರಿನಿಂದ ಬುಟ್ಟಿ ಹೊತ್ತು ಪೇರಲಹಣ್ಣು ಮಾರಲು ಬರುವ ಮುದುಕಿಗೆ ಅವಳಿಟ್ಟ ಹೆಸರು ಅದು. ನವಲೂರಿನ ಪೇರಲಕ್ಕೆ ನಮ್ಮ ಕಡೆ ಒಳ್ಳೆಯ ಹೆಸರಿದೆ. ಉಪ್ಪು ಖಾರ ಹಚ್ಚಿ ಕೊಟ್ಟೆ. ಬೆಂಗಳೂರಿನ ಅಂಗಡಿಯ ಹಣ್ಣಿಗೆ ಈ ವಾಸನೆಯೇ ಇಲ್ಲ ಎಂದು ಒಪ್ಪಿಕೊಂಡಳು. ಊರಿನ ಬಗ್ಗೆ ಅವಳ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು.

ಒಂದು ಮುಂಜಾನೆ ಇಬ್ಬರೂ ಅಮರಗೋಳಕ್ಕೆ ಹೋದೆವು. ಅಲ್ಲಿ ಬನಶಂಕರಿ ಮತ್ತು ಶಂಕರಲಿಂಗನ ಹಳೆಯ ಕಲ್ಲಿನ ಗುಡಿಗಳಿವೆ, ಕಲ್ಯಾಣ ಚಾಲುಕ್ಯರ ಕಾಲದವು. ಹಳೆಯ ಗುಡಿ ಕಂಡರೆ ಸಾಕು, ಜಕಣಾಚಾರಿ ಕಟ್ಟಿದ್ದು ಎನ್ನುವುದು ನಮ್ಮ ಕಡೆಯ ರೂಢಿ. ಎಲ್ಲವನ್ನೂ ಅವನೊಬ್ಬನೇ ಕಟ್ಟಿದ್ದರೆ ಪಾಪ ಊಟಕ್ಕೂ ಪುರುಸೊತ್ತಿರುತ್ತಿರಲಿಲ್ಲ. ಕಂಬದ ನುಣುಪಿನಲ್ಲಿ ತನ್ನ ಮುಖ ಕಾಣುತ್ತದೆಯೇ ಎಂದು ಹುಡುಗಿ ಬಹಳ ಹೊತ್ತು ನೋಡಿದಳು. ಹೊಸ ನಗರ ಎಂದು ಹೆಸರಿಟ್ಟುಕೊಂಡ ನಮ್ಮ ಬಡಾವಣೆಯ ಮಗ್ಗುಲಲ್ಲೇ ಇಷ್ಟು ಹಳೆಯದು ಕೂತಿದೆ. ಸುತ್ತಲೂ ಜನ ಬಟ್ಟೆ ಒಣಹಾಕುತ್ತಿದ್ದರು, ಕೋಳಿ ಓಡಾಡುತ್ತಿದ್ದವು.

ಇನ್ನೊಂದು ದಿನ ಧಾರವಾಡಕ್ಕೆ ಹೊರಟೆವು. ಹೋದದ್ದು ಚಿಗರಿ ಬಸ್ಸಿನಲ್ಲಿ. ಚಿಗರಿ ಎಂದರೆ ಜಿಂಕೆ. 2018ರಲ್ಲಿ ಶುರುವಾದ ಈ ಬಸ್ಸುಗಳಿಗೆ ರಸ್ತೆಯ ನಡುವೆ ಬೇರೆಯೇ ದಾರಿ ಇದೆ, ಹವಾನಿಯಂತ್ರಣವಿದೆ. ಹುಬ್ಬಳ್ಳಿ–ಧಾರವಾಡದ ಸುಮಾರು 20 ಕಿ.ಮೀ. ದಾರಿಯಲ್ಲಿ ಜಿಂಕೆಯಂತೆಯೇ ಓಡುತ್ತವೆ. ಪಕ್ಕದ ದಾರಿಯಲ್ಲಿ ಬೇಂದ್ರೆ ಹೆಸರಿನ ಖಾಸಗಿ ಬಸ್ಸೊಂದು ಕಂಡಿತು. “ಕವಿ ಹೆಸರು ಬಸ್ಸಿಗಾ?” ಎಂದು ನಕ್ಕಳು. ನಗುವುದೇನು ಬಂತು, ಕವಿಯನ್ನು ದಿನಾ ಹತ್ತಿ ಇಳಿಯುವ ಊರು ಬೇರೆ ಯಾವುದಿದೆ? ಆ ಕವಿಯ ಮನೆಗೇ ಕರೆದುಕೊಂಡು ಹೋಗುತ್ತೇನೆ ನಡಿ ಎಂದೆ.

ದ.ರಾ. ಬೇಂದ್ರೆಯವರ ಮನೆ ಇರುವುದು ಸಾಧನಕೇರಿಯಲ್ಲಿ. ಈಗ ಧಾರವಾಡ ಬೆಳೆದು ಅದನ್ನು ಒಳಗೆ ಹಾಕಿಕೊಂಡಿದೆ. ಅವರ ಕಾಲದಲ್ಲಿ ಅದು ಊರಿನ ಅಂಚು. ಕೆರೆ, ಮರಗಳು, ಮಣ್ಣಿನ ದಾರಿ. 1944ರಿಂದ 1956ರವರೆಗೆ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿದವರು ಮರಳಿ ಬಂದದ್ದು ಧಾರವಾಡಕ್ಕೇ. 1973ರಲ್ಲಿ ಜ್ಞಾನಪೀಠ ಬಂದಾಗಲೂ ಸಾಧನಕೇರಿಯ ಬೇಂದ್ರೆ ಎಂದೇ ಜನ ಹೇಳುತ್ತಿದ್ದರು. ತಮ್ಮ ಈ ಸಾಧನಕೇರಿಗೆ ಬಾ ಎಂದು ಕರೆಯುವ ಒಂದು ಕವಿತೆಯನ್ನೂ ಅವರು ಬರೆದಿದ್ದಾರೆ. ಇಷ್ಟೆಲ್ಲ ಹೇಳಿ, ಕೆರೆಯ ದಂಡೆಯಲ್ಲಿ ಕೂತು, ನನ್ನ ಪಾಠದ ಮುಖ್ಯ ಭಾಗಕ್ಕೆ ಬಂದೆ.

“ನೋಡು, ಇಂಥಾ ಸುಮ್ಮನಿದ್ದ ಜಾಗಾದಾಗ ಕೂತು ಎಷ್ಟು ಬರೆದರು. ಅವರಿಗೆ ಬ್ಯಾಸರ ಬರಲಿಲ್ಲ.”

“ನಿನಗೆ ಹೇಗೆ ಗೊತ್ತು?” ಎಂದಳು. “ಬೋರಾಗಿಯೇ ಕರೆದಿರಬಹುದು. ಒಬ್ಬರೇ ಇದ್ರೆ ತಾನೇ ಬಾ ಬಾ ಅಂತ ಕರೆಯೋದು?”

ನನಗೆ ಉತ್ತರ ಹೊಳೆಯಲಿಲ್ಲ. ಬೇಂದ್ರೆಯವರಿಗೆ ಗೆಳೆಯರ ಗುಂಪೇ ಇತ್ತು, ಅದಕ್ಕೆ ಹೆಸರೂ ‘ಗೆಳೆಯರ ಗುಂಪು’ ಎಂದೇ ಇತ್ತು ಎಂದು ಹೇಳಬಹುದಿತ್ತು. ಹೇಳಲಿಲ್ಲ, ಅವಳ ಮಾತು ಬೇರೆ ಕಡೆ ನಾಟಿತ್ತು. ಐದು ದಿನ ಅವಳು ಬರೆದ ಡೈರಿಯಲ್ಲಿ ಎಮ್ಮೆ ಇತ್ತು, ಕೆಂಬೂತ ಇತ್ತು, ಪೇರಲ ಅಜ್ಜಿ ಇದ್ದಳು. ಒಂದೇ ಒಂದು ಮಗು ಇರಲಿಲ್ಲ. ನಮ್ಮ ಸಾಲಿನ ಮನೆಗಳ ಮಕ್ಕಳೆಲ್ಲ ಬೆಂಗಳೂರು, ಪುಣೆ, ಅಮೆರಿಕ. ಅವರ ಮಕ್ಕಳು ಅಲ್ಲೇ ಆಡುತ್ತಾರೆ. ಹುಡುಗಿಗೆ ಬೇಸರ ಬಂದದ್ದು ಸದ್ದಿಲ್ಲವೆಂದಲ್ಲ, ಜೊತೆ ಇಲ್ಲವೆಂದು. ಇದನ್ನು ಪೇರಲ ತಿನ್ನಿಸಿ ಮರೆಸಲು ಬರುವುದಿಲ್ಲ. ಲೈನ್ ಬಜಾರಿನಲ್ಲಿ ಪೇಢೆ ಕೊಡಿಸಿ ಸುಮ್ಮನೆ ಮನೆಗೆ ಕರೆತಂದೆ.

ಮರುದಿನ 4.35ಕ್ಕೆ ಪೇರಲ ಅಜ್ಜಿ ಬರಲಿಲ್ಲ. ಐದಾಯಿತು, ಐದೂವರೆಯಾಯಿತು. ಹುಡುಗಿ ಗೇಟು ಬಿಟ್ಟು ಕದಲಲಿಲ್ಲ. “ಅವರಿಗೆ ಹುಷಾರಿಲ್ವಾ? ಯಾರಿಗೆ ಫೋನ್ ಮಾಡೋದು?” ಎಂದು ನಾಲ್ಕು ಸಲ ಕೇಳಿದಳು. ಅವತ್ತು ರಾತ್ರಿ ನಾನು ಮಗನಿಗೂ ಹೇಳಿರದ ಒಂದು ಸಂಗತಿಯನ್ನು ಅವಳಿಗೆ ಹೇಳಿದೆ.

ಹೋದ ಮಳೆಗಾಲದಲ್ಲಿ ನನಗೆ ಜೋರು ಜ್ವರ ಬಂದಿತ್ತು. ಒಂದು ಬೆಳಿಗ್ಗೆ ಏಳಲಾಗಲಿಲ್ಲ. ಗೇಟಿಗೆ ಸಿಕ್ಕಿಸಿದ ಹಾಲಿನ ಪಾಕೀಟು ಹಾಗೇ ಇತ್ತು. ಏಳು ಗಂಟೆಗೆ ವಾಕಿಂಗ್ ಹೊರಟ ಮೂಲೆಮನೆಯ ಅಜ್ಜ ಅದನ್ನು ನೋಡಿದರು. ಅವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು, ಎಂಬತ್ತು ದಾಟಿದೆ. ಎಂಟಕ್ಕೆ ವಾಪಸಾಗುವಾಗಲೂ ಪಾಕೀಟು ಅಲ್ಲೇ. “ಮಾಸ್ತರಬಾಯಿ ಆರಕ್ಕ ಹಾಲು ತಗೋತಾರ, ಇವತ್ತ ತಗೊಂಡಿಲ್ಲ” ಎಂದು ಪಕ್ಕದ ಮನೆಯವರನ್ನು ಎಬ್ಬಿಸಿಕೊಂಡು ಬಂದು ಬಾಗಿಲು ಬಡಿದರು. ಆಟೋ ತರಿಸಿ ದವಾಖಾನೆಗೆ ಕರೆದೊಯ್ದರು. ದುರ್ಗದಬೈಲಿನ ಗದ್ದಲದಲ್ಲಿ ಒಂದು ಹಾಲಿನ ಪಾಕೀಟು ಯಾರ ಕಣ್ಣಿಗೆ ಬೀಳುತ್ತಿತ್ತೋ ಏನೋ. ಇಲ್ಲಿ ಬೇರೆ ನೋಡಲು ಏನೂ ಇರಲಿಲ್ಲವಾದ್ದರಿಂದ ಕಣ್ಣಿಗೆ ಬಿತ್ತು.

“ಅಪ್ಪನಿಗೆ ಯಾಕೆ ಹೇಳಿಲ್ಲ?” ಎಂದಳು.

“ಹೇಳಿದರ ಮರುದಿನಾನ ಬಂದು ಕರಕೊಂಡ ಹೋಗತಾನ.”

ಅವಳು ಅದನ್ನು ಡೈರಿಯಲ್ಲಿ ಬರೆಯಲಿಲ್ಲ.

ವಿಜಯದಶಮಿ ಬಂತು. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಬಚ್ಚಿಟ್ಟದ್ದು ಬನ್ನಿಯ ಮರದಲ್ಲಿ ಎಂಬ ಕಥೆ ನಿಮಗೆ ಗೊತ್ತೇ ಇದೆ. ನಮ್ಮ ಉತ್ತರ ಕರ್ನಾಟಕದಲ್ಲಿ ಅಂದು ಸಂಜೆ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, “ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು” ಎಂದು ಹಿರಿಯರ ಕಾಲಿಗೆ ಬೀಳುತ್ತೇವೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಬನ್ನಿ ಕೊಟ್ಟು ಮಾತಾಡುವುದುಂಟು. ಮೂರು ವರ್ಷದಿಂದ ನಾನು ಎಲ್ಲಿಗೂ ಹೋಗಿರಲಿಲ್ಲ. ಈ ಸಲ ಹುಡುಗಿ ತಟ್ಟೆ ಹಿಡಿದು ಮುಂದೆ ನಡೆದಳು, ನಾನು ಹಿಂದೆ.

ಸಾಲಿನಲ್ಲಿ ಇಪ್ಪತ್ತೆರಡು ಮನೆ. ಒಂಬತ್ತಕ್ಕೆ ಬೀಗ. ಬೀಗ ಹಾಕಿದ ಗೇಟುಗಳ ಮುಂದೆ ನಾನು ನಿಲ್ಲದೆ ಹೋಗುತ್ತಿದ್ದೆ. ತಿರುಗಿ ನೋಡಿದರೆ ಅವಳು ಎರಡೆರಡು ಎಲೆಯನ್ನು ಚಿಲಕಕ್ಕೆ ಸಿಕ್ಕಿಸುತ್ತಿದ್ದಳು. “ಅವರು ಬಂದಾಗ ಸಿಗಲಿ” ಎಂದಳು. ಬಾಗಿಲು ತೆರೆದ ಹದಿಮೂರು ಮನೆಗಳಲ್ಲಿ ಹತ್ತರಲ್ಲಾದರೂ ನಮ್ಮನ್ನು ಕೂಡಿಸಿಕೊಂಡರು. ಕೈಗೆ ಕರ್ಚಿಕಾಯಿ, ಚೂಡಾ, ಉಂಡಿ ಬಂದವು. ಮೂಲೆಮನೆಯ ಅಜ್ಜ ಮುಕ್ಕಾಲು ಗಂಟೆ ಬಿಡಲಿಲ್ಲ. ಉಗಿಬಂಡಿಯ ಗಾಲಿ ಹೇಗೆ ತಿರುಗುತ್ತದೆ ಎಂಬುದನ್ನು ಎರಡು ತಟ್ಟೆ, ಒಂದು ಲಟ್ಟಣಿಗೆ ಇಟ್ಟು ತೋರಿಸಿದರು. ಹುಡುಗಿ ಹೊರಡುವಾಗ ಅವರ ಕಾಲಿಗೆ ಎರಡು ಸಲ ಬಿದ್ದಳು. ಒಂದು ಬನ್ನಿಗೆ. ಇನ್ನೊಂದು ಯಾತಕ್ಕೆಂದು ಅಜ್ಜನಿಗೆ ಗೊತ್ತಾಗಲಿಲ್ಲ.

ಸೂಟಿ ಮುಗಿಯಿತು. ಕರೆದೊಯ್ಯಲು ಬಂದ ಮಗ ಮನೆಯ ಮಾತು ತೆಗೆದ. ಅವನ ಮಗಳ ಎದುರಿಗೇ ಜ್ವರದ ಸಂಗತಿ ಹೇಳಿಬಿಟ್ಟೆ. ಮುಖ ಸಣ್ಣದು ಮಾಡಿಕೊಂಡ, ಬೈದ, ಆಮೇಲೆ ಮೂಲೆಮನೆಗೆ ಹೋಗಿ ಅಜ್ಜನ ಫೋನ್ ನಂಬರು ಬರೆದುಕೊಂಡು ಬಂದ. ದೀಪಾವಳಿಗೆ ಮತ್ತೆ ಮಾತಾಡೋಣ ಎಂದಿದ್ದಾನೆ. ಮಾತಾಡೋಣ.

ಡೈರಿ ಬಿಟ್ಟು ಹೋಗಿದ್ದಾಳೆ. “ನಾನಿಲ್ಲದಾಗ ನೀನು ಬರಿ, ಫೋನಲ್ಲಿ ಓದಿ ಹೇಳು” ಎಂದು ಆಜ್ಞೆ. ನಿನ್ನೆ ಬರೆದದ್ದು ಇಷ್ಟು: 4.15ಕ್ಕೆ ಎಮ್ಮೆ, ಐದೂ ಬಂದವು, ಕುಂಟು ವಾಸಿಯಾಗಿದೆ. 4.40ಕ್ಕೆ ಪೇರಲ ಅಜ್ಜಿ. ಮಗಳ ಊರಿಗೆ ಹೋಗಿದ್ದಳಂತೆ, ಸಣ್ಣಾಕಿ ಎಲ್ಲಿ ಎಂದು ಕೇಳಿದಳು. ಏಳನೆಯ ಮನೆಯ ಚಿಲಕದಲ್ಲಿದ್ದ ಬನ್ನಿ ಇವತ್ತು ಇಲ್ಲ. ಗಾಳಿಗೆ ಬಿತ್ತೋ, ಮನೆಯವರು ಬಂದಿದ್ದಾರೋ, ನಾಳೆ ಬೆಳಿಗ್ಗೆ ಹೋಗಿ ನೋಡಬೇಕು.